ಹಾಲಾಗಿ ಹೋಗಿ

ಗುರುವಾರ, ಮಧ್ಯಾಹ್ನ
ಮನೆಯಿಂದ

ಪ್ರೀತಿಯ ಅಣ್ಣಾ,

ಮೊದಲೇ ಸಾರಿ ಕೇಳಿಬಿಡ್ತೀನಿ. ಮನೆಯವರು ಯಾರೂ ನನ್ನ ತಂಟೆಗೆ ಬರಬೇಡಿ ಅಂತ ನೀನು ಅಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನನ್ನೂ ಬ್ಲಾಕ್ ಮಾಡಿದ್ದೀಯ, ಇನ್ನೇನು ಮಾಡಲಿ? ನಿನ್ನ ಅಡ್ರೆಸ್‌ಗಾಗಿ ಆ ನಿನ್ನ ಗ್ಯಾರೇಜ್ ಫ್ರೆಂಡ್ ಮುಂದೆ ಹಲ್ಲು ಗಿಂಜಿ, ಕೊನೆಗೆ ಅತ್ತು ಇಸಕೊಂಡಿದ್ದು. ನನ್ನ ಕನ್ನಡ ನೋಡಿ ನಗಬೇಡ. ಹಾಸ್ಟೆಲ್ ಸ್ಕೂಲಿನವಳ ಕನ್ನಡ ಇಷ್ಟೇ.

ಸ್ಟಡಿ ಹಾಲಿಡೇಸ್ ಅಂತ ಮನೆಗೆ ಬಂದಿದ್ದೇನೆ. ಓದು ಸೊನ್ನೆ. ಪುಸ್ತಕ ತೆಗೆದರೆ ಗೇಟ್ ಸದ್ದಾಗುತ್ತೆ. ಎದ್ದು ಹೋಗಿ ನೋಡಿದರೆ ಗಾಳಿ. ಕೂತರೆ ಮತ್ತೆ ಸದ್ದು. ಫಸ್ಟ್ ಇಯರ್‌ನಲ್ಲೇ ಫೇಲ್ ಆದರೆ ಯಾರನ್ನು ಕೇಳಲಿ, ಗೇಟನ್ನಾ?

ಆಗಿದ್ದು ಇಷ್ಟು. ಭಾನುವಾರ ಮ್ಯಾಟಿನಿಗೆ ಮೂವರೂ ಹೋಗಿದ್ದೆವು: ಅಮ್ಮ, ನಾನು, ಅಂಕಲ್. (ಅಮ್ಮ ಅವರನ್ನು ಮದುವೆಯಾಗಿ ವರ್ಷವಾದರೂ ನನ್ನ ಬಾಯಿಗೆ ಬೇರೆ ಏನೂ ಬರುತ್ತಿಲ್ಲ. ನೀನಂತೂ ಬ್ಯಾಗ್ ಎತ್ತಿಕೊಂಡು ಹೊರಡುವಾಗಲೂ "ಆ ಕನ್ನಡಕದಂಗಡಿ" ಅಂತಲೇ ಅಂದೆ.) ವಾಪಸ್ ಬಂದರೆ ಗೇಟ್ ಹಾರು ಹೊಡೆದಿದೆ. ಅಮ್ಮನ ಕುಂಡಗಳೆಲ್ಲ ಚೂರು. ಮುಂದಿನ ಕಿಟಕಿಯ ಗಾಜು ಹಾಲ್ ತುಂಬ. ಅಪ್ಪ ನಿಂತು ಕಟ್ಟಿಸಿದ ಆ ಮುಂದಿನ ಗೋಡೆ ಮೇಲೆ ಕೆಂಪು ಪೇಂಟಿನಲ್ಲಿ, ಮಾರುದ್ದ ಅಕ್ಷರದಲ್ಲಿ: ಹಾಲಾಗಿ ಹೋಗಿ.

ನಿಜ ಹೇಳ್ತೀನಿ, ಯಾವುದೋ ಡೈರಿ ಅಡ್ವರ್ಟೈಸ್‌ಮೆಂಟ್ ಅಂದುಕೊಂಡೆ. ಅಂಕಲ್ ಮೆಲ್ಲಗೆ, ಹಾಳಾಗಿ ಹೋಗಿ ಅಂತ ಬರೆಯೋಕೆ ಹೋಗಿದ್ದಾರೆ ಮರೀ, ಅಂದರು. ಬೈಯುವಾಗಲೂ ಬಹುವಚನ ನೋಡು. ಇಬ್ಬರಿಗೂ ಸೇರಿಸಿಯೋ, ಮರ್ಯಾದೆಗೋ ಗೊತ್ತಾಗಲಿಲ್ಲ.

ಗೋಡೆ ಬುಡದಲ್ಲಿ ಬರೆದವರು ಬಿಸಾಕಿ ಹೋದ ಬ್ರಷ್ ಇತ್ತು, ಇನ್ನೂ ಒಣಗಿರಲಿಲ್ಲ. ಅಮ್ಮ ಅದನ್ನೆತ್ತಿಕೊಂಡು ಸೀದಾ ಹೋಗಿ, ಆ ಲ ಮೇಲೆ ದಪ್ಪಗೆ ಳ ತಿದ್ದಿಬಿಟ್ಟಳು. ಬೀದಿಯವರೆಲ್ಲ ಸೇರಿದ್ದರು. ಎದುರುಮನೆ ಆಂಟಿ ಸೆರಗು ಬಾಯಿಗಿಟ್ಟುಕೊಂಡು, ಏನ್ರೀ ಟೀಚರಮ್ಮ, ಬೈಗುಳಕ್ಕೂ ಮಾರ್ಕ್ಸ್ ಹಾಕ್ತೀರಾ ಅಂತ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಕೈ, ತಡೆಯಲಿಲ್ಲ ಅಂದುಕೊಂಡೆ.

ಆದರೆ ಆಂಟಿ ಅದಕ್ಕೂ ಮೊದಲೇ ಫೋಟೋ ತೆಗೆದಾಗಿತ್ತು. ಅದು ಬೀದಿಯ ಗ್ರೂಪಿಗೆ ಹೋಯಿತು. ಹಾಲು ಅಂತ ಇದೆ ಅಂದಮೇಲೆ ಹಾಲಿನವರದೇ ಕೆಲಸ ಅಂತ ಯಾರೋ ಹಾಕಿದರು, ಉಳಿದವರು ಹೌದುಹೌದು ಅಂದರು. ನೀರು ಜಾಸ್ತಿ ಅಂತ ಅಮ್ಮ ಹೋದ ತಿಂಗಳು ಅವರನ್ನು ಬಿಡಿಸಿದ್ದಳು, ಅದು ಸೇರಿಕೊಂಡಿತು. ಮಂಗಳವಾರ ಅವರನ್ನು ಸ್ಟೇಷನ್‌ಗೆ ಕರೆಸಿ ಇಡೀ ದಿನ ಕೂರಿಸಿದ್ದಾರೆ. ಸೋಮವಾರ ಮತ್ತೆ ಬರಬೇಕಂತೆ, ಕೇಸು ಹಾಕ್ತಾರಂತೆ. ನಿನ್ನೆ ಕ್ಯಾನ್ ಹಿಡಿದುಕೊಂಡು ನಮ್ಮ ಗೇಟ್ ಹೊರಗೆ ನಿಂತಿದ್ದರು. ನಾನು ಬರೆಯೋದಾದ್ರೆ ಹಾಲು ತಗೊಳ್ಳಿ ಅಂತ ಬರೀತಿದ್ನಮ್ಮಾ, ಹಾಲಾಗಿ ಹೋಗಿ ಅಂತ ಯಾಕೆ ಬರೀಲಿ ಅಂದರು. ತಮಾಷೆಯ ಮಾತು, ಆದರೆ ಹೇಳಿದವರು ಕ್ಯಾನ್ ಕೆಳಗಿಟ್ಟು ಕಣ್ಣು ಒರೆಸಿಕೊಂಡರು. ಅರ್ಧ ಬೀದಿ ಅವರನ್ನು ಬಿಟ್ಟಿದೆ.

ಇಲ್ಲಿ ರಿಪೇರಿ ನಡೆದೇ ಇದೆ. ಅಂಕಲ್ ಅಂಗಡಿ ಮುಚ್ಚಿ ಏಣಿ ಹತ್ತಿದ್ದಾರೆ. ಗಾಜಿನ ಸಣ್ಣ ಚೂರು ಪೊರಕೆಗೆ ಬರಲಿಲ್ಲ, ಪೇಪರ್ ಒದ್ದೆ ಮಾಡಿ ಒತ್ತಿ ಒತ್ತಿ ತೆಗೆದೆವು. ಗೋಡೆಗೆ ಥಿನ್ನರ್ ಹಾಕಿ ಉಜ್ಜಿದರೆ ಕೆಂಪು ಹೋಗುವ ಬದಲು ಹರಡಿ, ಇಡೀ ಗೋಡೆ ಐಸ್‌ಕ್ರೀಮ್ ಪಿಂಕ್ ಆಯಿತು. ಸ್ಯಾಂಡ್‌ಪೇಪರ್, ಪ್ರೈಮರ್, ಮೇಲೆ ಬಿಳಿ ಬಣ್ಣ. ಬಿಸಿಲು ಬಿದ್ದರೆ ಅಕ್ಷರ ಇನ್ನೂ ಇಣುಕುತ್ತೆ. ಕಿಟಕಿಗೆ ಗಾಜು ಬರುವವರೆಗೆ ಅಂಗಡಿಯಿಂದ ಕಣ್ಣು ಪರೀಕ್ಷೆಯ ಬೋರ್ಡ್ ತಂದು ಅಡ್ಡ ಇಟ್ಟಿದ್ದಾರೆ. ಹೋಗುವವರೆಲ್ಲ ನಿಂತು ಕೊನೆ ಸಾಲು ಓದೋಕೆ ಕಣ್ಣು ಕಿರಿದು ಮಾಡುತ್ತಾರೆ. ಕ್ಯಾಮೆರಾ ಬಂತು, ಯಾರಾದರೂ ಓಡಾಡಿದರೆ ತಾನೇ ಹತ್ತುವ ಲೈಟ್ ಬಂತು. ಇಲ್ಲಿಯವರೆಗೆ ಅದು ಹಿಡಿದಿದ್ದು ಒಂದು ಬೆಕ್ಕನ್ನು.

ಅಣ್ಣಾ, ಸುತ್ತಿ ಬಳಸಿದ್ದು ಸಾಕು. ನಮ್ಮ ಮನೆಯಲ್ಲಿ ಳ ಯಾರಿಗೆ ಬರುವುದಿಲ್ಲ?

ಬಾಳೆಹಣ್ಣು ಬಾಲೆಹಣ್ಣು, ಮಳೆ ಮಲೆ. ಅಮ್ಮ ಪುಟಗಟ್ಟಲೆ ತಿದ್ದಿಸಿದರೂ ನಿನ್ನ ಕೈಗೆ ಹತ್ತಲಿಲ್ಲ. ನನ್ನನ್ನು ಗಿಳಿ ಅಂತ ಕರೆಯೋಕೆ ಬರದೆ ಗಿಲಿ ಅಂದೆ, ಮನೆಯೆಲ್ಲ ಹಾಗೇ ಕರೆಯಿತು. ನಿನ್ನ ತಪ್ಪನ್ನೇ ಹೆಸರು ಮಾಡಿಕೊಂಡು ಬೆಳೆದವಳು ನಾನು. ನನಗೆ ಗೊತ್ತಾಗೋಕೆ ಎರಡು ದಿನ ಬೇಕಾಯಿತು. ಅಮ್ಮನಿಗೆ ಓದಿದ ಕೂಡಲೇ ಗೊತ್ತಾಗಿದೆ. ಅವಳು ತಪ್ಪು ತಿದ್ದಿದ್ದಲ್ಲ ಅಣ್ಣಾ, ನಿನ್ನ ಗುರುತು ಅಳಿಸಿದ್ದು.

ಯಾರ ಮೇಲೂ ಅನುಮಾನ ಇಲ್ಲ ಅಂತ ಇನ್ಸ್‌ಪೆಕ್ಟರ್‌ಗೆ ಹೇಳಿದಳು. ಹಾಲಿನವರಾ ಅಂದರೆ, ಗೊತ್ತಿಲ್ಲ ಅಂದಳು. ಅಮ್ಮ, ಗೊತ್ತಿಲ್ಲ ಅಂದಳು! ಆಮೇಲಿಂದ ಅವಳಿಗೆ ನಿಂತಲ್ಲಿ ನಿಲ್ಲೋಕೆ ಆಗುತ್ತಿಲ್ಲ. ನಿನ್ನೆಯಿಂದ ಹಾಲಿನವರ ಹತ್ತಿರ ದೊಡ್ಡ ಪಾತ್ರೆ ತುಂಬ ಹಾಲು ಹಾಕಿಸಿಕೊಳ್ಳುತ್ತಾಳೆ. ಅವರ ಮುಖ ಮಾತ್ರ ನೋಡುವುದಿಲ್ಲ. ಕುಡಿಯುವವರು ಯಾರು? ಒಲೆ ಮೇಲಿಟ್ಟು ಮರೆಯುತ್ತಾಳೆ, ಉಕ್ಕಿ ಹರಿಯುತ್ತೆ, ಒರೆಸುತ್ತಾಳೆ, ಮತ್ತೆ ಇಡುತ್ತಾಳೆ. ನೀನು ಬರೆದಂತೆಯೇ ಆಗುತ್ತಿದೆ, ನಿಜಕ್ಕೂ ಹಾಲಾಗಿ ಹೋಗ್ತಿದ್ದೀವಿ.

ನಿನಗೆ ಸಿಟ್ಟಿತ್ತು, ಗೊತ್ತು. ಅಪ್ಪನ ಕುರ್ಚಿಯಲ್ಲಿ ಬೇರೆಯವರು ಕೂತರೆ ನಾನೂ ಎದ್ದು ಒಳಗೆ ಹೋಗುತ್ತೇನೆ. ಆದರೆ ಆ ಗೋಡೆ ಅಪ್ಪನದು, ಹಾಲಿನವರು ಯಾರಿಗೂ ಏನೂ ಮಾಡಿದವರಲ್ಲ.

ಸೋಮವಾರ ಅವರ ಜೊತೆ ನಾನೂ ಸ್ಟೇಷನ್‌ಗೆ ಹೋಗುತ್ತೇನೆ. ನೀನು ಬಂದರೆ ನೀನೇ ಹೇಳು. ಬರದಿದ್ದರೆ ನಾನು ಹೇಳುತ್ತೇನೆ. ನಾನು ಹೇಳಿದ ಮೇಲೆ ಅಮ್ಮ ನನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ. ಹಾಗೆ ಆಗೋಕೆ ಬಿಡಬೇಡ.

ಕೊರಿಯರ್‌ನಲ್ಲಿ ಹಾಕುತ್ತಿದ್ದೇನೆ, ನಾಳೆ ಸಿಗುತ್ತೆ. ಬ್ಲಾಕ್ ತೆಗೆದು ಬೇಗ ಉತ್ತರ ಕೊಡು.

ನಿನ್ನ
ಗಿಲಿ

ಮರೆತಿದ್ದೆ: ಬೀಗದವರು ಬಂದು ಎಲ್ಲ ಬಾಗಿಲಿಗೂ ಹೊಸ ಬೀಗ ಹಾಕಿದರು. ಹಿಂದಿನ ಬಾಗಿಲಿಗೆ ಮಾತ್ರ ಅಮ್ಮ ಬಿಡಲಿಲ್ಲ, ಹಳೇದೇ ಗಟ್ಟಿ ಇದೆ ಅಂದಳು. ಅದು ಜೋರಾಗಿ ತಳ್ಳಿದರೆ ತೆರೆದುಕೊಳ್ಳುತ್ತೆ. ಅದರ ಇನ್ನೊಂದು ಕೀ ನಿನ್ನ ಹತ್ತಿರ ಇರುವುದು ಅಂಕಲ್‌ಗೂ ಗೊತ್ತು. ಅವರೇ ಏಣಿ ಹತ್ತಿ, ಆ ಬಾಗಿಲ ಕಡೆಗಿದ್ದ ಕ್ಯಾಮೆರಾವನ್ನು ಬೀದಿಯ ಕಡೆ ತಿರುಗಿಸಿ ಇಳಿದರು.