ಕಂದೀಲು ಚುಕ್ಕಿ

ಕಳವಾ,
ರವಿವಾರ, ೯ ಫೆಬ್ರವರಿ ೨೦೨೫

ಪದ್ಮಾವತಿಯ ಅಪ್ಪನವರಿಗೆ ಗುರಮ್ಮನ ಶರಣು.

ನಾನು ಇದ್ದೇನೆ. ಮೊಣಕಾಲು ನೋವು ಹಾಗೆಯೇ ಇದೆ, ಅದನ್ನು ಕೇಳಲು ನಿಮಗೆ ಪುರಸೊತ್ತಿಲ್ಲ, ಬಿಡಿ. ಫೋನಿನಲ್ಲಿ ಮಾತಾಡೋಣವೆಂದರೆ ಎರಡು ಸಲ ಹೂಂ ಅಂದು, ಬದಲಾಪುರದಲ್ಲಿ ರೇಂಜ್ ಇಲ್ಲ ಅನ್ನುತ್ತೀರಿ. ಬದಲಾಪುರದಲ್ಲಿ ಊರಿಗೆ ಊರೇ ಫೋನು ಕಿವಿಗೆ ಹಚ್ಚಿಕೊಂಡು ತಿರುಗುತ್ತದೆ, ನಿಮ್ಮೊಬ್ಬರಿಗೇ ರೇಂಜ್ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ತಿಳಿಯದಿದ್ದರೆ ಸಂಗಮೇಶನ ಕೈಗೆ ಕೊಡಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ.

ಆ ಸಂಗಮೇಶ ಮೊನ್ನೆ ಬಂದಿದ್ದ. ನಿಮ್ಮ ತಮ್ಮನ ಮಗನೆಂದು ಚಹಾ ಮಾಡಿಕೊಟ್ಟೆ. ಬಸಿಯಲ್ಲಿ ಸುರುವಿಕೊಂಡು ಪೂರ್ತಿ ಕುಡಿದ ಮೇಲೆ ನಿಮ್ಮ ಮಾತು ಒಪ್ಪಿಸಿದ. "ದೊಡ್ಡವ್ವಾ, ದೊಡ್ಡಪ್ಪ ಹೇಳ್ಯಾನ, ಸತ್ತ ಮಗನ ಹೆಸರು ಒಯ್ದು ಆಕಾಶಕ್ಕ ಕಟ್ಟಬ್ಯಾಡಂತ. ಅವನೂ ಅಲ್ಲೇ ನಿಂತಬಿಡ್ತಾನಂತ" ಅಂದ. ಇಂಥ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕಳಿಸುತ್ತಾರೆಯೇ? ನಾನೂ ಸುಮ್ಮನೆ ಕೂರಲಿಲ್ಲ. ಏನು ಅಂದೆ ಎಂಬುದನ್ನು ಅವನು ನಿಮಗೆ ಹೇಳಿರಲಿಕ್ಕಿಲ್ಲ, ಹೇಳುವಂಥದ್ದೂ ಅಲ್ಲ.

ನಿಮಗೆ ಅರ್ಧ ಸುದ್ದಿ ಮುಟ್ಟಿದೆ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೇಡ ಅನ್ನಿ.

ಡೊಂಬಿವಲಿಯಲ್ಲಿ ನಾನು ಜೋಳದ ರೊಟ್ಟಿ ಕೊಡುವ ಮನೆಗಳಲ್ಲಿ ವಿಶ್ರುತ ಟೀಚರ ಮನೆಯೂ ಒಂದು. ಉಡುಪಿ ಕಡೆಯ ಹುಡುಗಿ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಬಿಡುವಿದ್ದಾಗ ಚುಕ್ಕಿ ನೋಡುತ್ತಾಳೆ. ಜಗತ್ತಿನ ಚುಕ್ಕಿಗಳಿಗೆ ಹೆಸರು ಖಾಯಂ ಮಾಡಲು ಖಗೋಳದವರ ಒಂದು ಕಮಿಟಿ ಇದೆಯಂತೆ. ಹಳೆಯ ಪಟ್ಟಿಯಲ್ಲಿ ಬಹಳ ಹೆಸರು ಅರಬರವೇ. ಈಗ ಚೀನದವರದು, ಆಸ್ಟ್ರೇಲಿಯಾದ ಮೂಲ ಜನರದು, ಎಲ್ಲರ ಹಿರಿಯರು ಕರೆದ ಹೆಸರುಗಳನ್ನೂ ತೆಗೆದುಕೊಳ್ಳುತ್ತಿದ್ದಾರಂತೆ. ನಮ್ಮ ರೇವತಿ, ಭರಣಿ ಆಗಲೇ ಸೇರಿವೆ. ಪಂಚಾಂಗ ಓದುವವರ ಹೆಸರು ಹೋದ ಮೇಲೆ ಕುರಿಯ ಹಿಂದೆ ತಿರುಗಿದವರ ಹೆಸರೂ ಒಂದು ಹೋಗಲಿ ಎಂದು ಈ ಹುಡುಗಿಯ ಹಟ. ಕಮಿಟಿಯವರ ನೇಮ ಬಿಗಿ. ಒಂದು ಚುಕ್ಕಿಗೆ ಒಂದೇ ಹೆಸರು. ಮನೆಯಲ್ಲಿ ಯಾರೋ ಸತ್ತರೆಂದು ಅವರ ನೆನಪಿಗೆ ಇಡುವುದಿಲ್ಲ. ಜನ ಹಿಂದಿನಿಂದ ಕರೆದುಕೊಂಡು ಬಂದ ಹೆಸರೇ ಆಗಬೇಕು, ಕರೆದ ಜನರ ಒಪ್ಪಿಗೆಯೂ ಬೇಕು. ಪಟ್ಟಿಗೆ ಏರಿದ ಮೇಲೆ ಅಳಿಸಿ ಬರೆಯುವ ಮಾತಿಲ್ಲ.

ಹೋದ ದೀಪಾವಳಿಯಲ್ಲಿ ಅವಳು ಕೇಳಿದಾಗ ನಾನು ಊರಲ್ಲಿ ನಮ್ಮ ಕುರುಬರ ಹಟ್ಟಿಯ ಆ ಚುಕ್ಕಿಯ ಕಥೆ ಹೇಳಿದೆ. ಚಳಿಗಾಲದಲ್ಲಿ ದಕ್ಷಿಣದ ಅಂಚಿಗೆ ಸಣ್ಣಗೆ ಕಾಣುವುದು. ತಪ್ಪಿಸಿಕೊಂಡ ಮರಿಯನ್ನು ಹುಡುಕಲು ಹೋದ ಕುರುಬ ಇನ್ನೂ ದೀಪ ಹಿಡಿದು ನಿಂತಿದ್ದಾನೆ, ಮರಿ ಸಿಗದೆ ಮನೆಗೆ ಬರುವುದಿಲ್ಲ ಅಂತ. ಇದನ್ನು ನಿಮಗೇನು ಹೇಳುವುದು, ನಿಮ್ಮ ಮನೆತನದ ಕಥೆ. ಟೀಚರು ಕಲ್ಯಾಣ, ವಿಠ್ಠಲವಾಡಿಯಲ್ಲಿರುವ ನಮ್ಮ ಹಟ್ಟಿಯ ಬೇರೆ ಹೆಂಗಸರ ಖೋಲಿಗೂ ಹೋಗಿ ಕೇಳಿದಳು. ಎಲ್ಲರೂ ನಾನು ಹೇಳಿದ್ದನ್ನೇ ಹೇಳಿದರು, ಕಂದೀಲು ಚುಕ್ಕಿ. ಹುಡುಗಿಗೆ ಖುಷಿಯೋ ಖುಷಿ. ಕಂದೀಲು ಅಂತ ಇಂಗ್ಲಿಷಿನಲ್ಲಿ ಬರೆದೂ ಬಿಟ್ಟಳು.

ಸಂಕ್ರಾಂತಿ ಆದ ಮೇಲೆ ಒಂದು ದಿನ ರೊಟ್ಟಿ ಕೊಡಲು ಹೋದಾಗ ಅವಳು ಯಾಕೋ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. "ಗುರಮ್ಮಕ್ಕ, ಸೀಮೆಎಣ್ಣೆ ಕಂದೀಲು ಬಂದದ್ದು ಮೊನ್ನೆ ಮೊನ್ನೆ. ನಕ್ಷತ್ರ ಅದಕ್ಕಿಂತ ಮುಂಚೆಯೂ ಉಂಟಲ್ಲ. ಆಗ ಎಂತ ಹೇಳ್ತಿದ್ರು?" ಅಂದಳು.

ನಾನು ಸಹಜವಾಗಿ ಹೇಳಿದೆ. ಕಂದೀಲು ಅನ್ನುವುದು ಹೆಂಗಸರು ಮಾತ್ರ. ಚುಕ್ಕಿಗೆ ಆ ಕುರುಬನದೇ ಹೆಸರು, ಗಂಡಸರು ಹೆಸರು ಹಿಡಿದೇ ಕರೆಯುತ್ತಿದ್ದರು. ಮನೆತನದಲ್ಲಿ ಒಂದು ತಲೆ ಬಿಟ್ಟು ಹಿರಿಮೊಮ್ಮಗನಿಗೆ ಅದೇ ಹೆಸರು ಇಡುತ್ತಾರೆ, ನಮ್ಮ ಮಾವನದೂ ಅದೇ. ಸೊಸೆಯಾದವಳು ಮಾವನ ಹೆಸರು ಹೇಳಬಾರದು, ಅದಕ್ಕೆ ನಾವೆಲ್ಲ ಅವನನ್ನು ಬಿಟ್ಟು ಅವನ ಕೈಯಲ್ಲಿದ್ದದ್ದನ್ನು ಹೇಳುತ್ತಿದ್ದೆವು ಅಂದೆ.

ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಅಯ್ಯೋ ಮಾರಾಯ್ರೆ, ಮೊದಲೇ ಹೇಳ್ಳಿಕ್ಕೆ ಆಗ್ಲಿಲ್ವಾ?" ಅಂದಳು. ನನಗೂ ಸಿಟ್ಟು ಬಂತು. ನೀನು ಕೇಳಿದ್ದು ಬರೀ ಸೊಸೆಯಂದಿರನ್ನು, ಇನ್ನೇನು ಸಿಗುತ್ತದೆ ಅಂದೆ. ಆಮೇಲೆ ಇಬ್ಬರಿಗೂ ನಗು ಬಂತು. ರೈಲಿನಲ್ಲಿ ವಾಪಸು ಬರುವಾಗ ನನ್ನ ನಗು ನಿಂತಿತು. ಕಂದೀಲು ಉಳಿದು, ಹಿಡಿದವನು ಹೋಗುತ್ತಾನಲ್ಲ ಅನ್ನಿಸಿತು.

ಹೆಸರು ಏನೆಂದು ಪದ್ಮಾವತಿ ಅವತ್ತೇ ಟೀಚರಿಗೆ ಫೋನಿನಲ್ಲಿ ಹೇಳಿದಳು. ಅವಳು ಮಗಳು, ಅವಳಿಗೆ ಅಡ್ಡಿಯಿಲ್ಲ. ಆದರೆ ಅದು ಸಾಲದಂತೆ. ಕಳವಾದಲ್ಲಿ ಹುಟ್ಟಿದವಳು, ಆ ಚುಕ್ಕಿಯನ್ನು ಕಂಡೇ ಇಲ್ಲ. ಚುಕ್ಕಿ ತೋರಿಸಿ ಹಿರಿಯರು ಹಾಗೆ ಕರೆದದ್ದನ್ನು ಕಿವಿಯಿಂದ ಕೇಳಿದವರು ತಮ್ಮ ಬಾಯಿಂದ ಹೇಳಬೇಕು, ಟೀಚರು ಅದನ್ನು ಟೇಪ್ ಮಾಡಿ ಕಳಿಸಬೇಕು. ಅಂಥ ಗಂಡಸರು ಈಗ ಉಳಿದಿರುವುದು ನೀವು, ನಿಮ್ಮ ತಮ್ಮ. ನಿಮ್ಮ ತಮ್ಮನನ್ನು ಕೇಳಿದರೆ, "ಅಣ್ಣ ಹೂಂ ಅಂದ್ರ ನಂದೂ ಹೂಂ" ಅನ್ನುತ್ತಾನೆ. ಅರವತ್ತು ದಾಟಿದರೂ ಅವನಿಗೆ ಸ್ವಂತ ಬಾಯಿ ಬರಲಿಲ್ಲ.

ಇದರಲ್ಲಿ ನಮ್ಮ ಮಗನ ಮಾತು ಎಲ್ಲಿ ಬಂತು? ಹೆಸರು ಅವನಿಗಿಂತ ಹಳೆಯದು, ನಿಮ್ಮಪ್ಪನಿಗಿಂತ ಹಳೆಯದು. ಅವನು ಅದನ್ನು ಇಪ್ಪತ್ತಾರು ವರ್ಷ ಇಟ್ಟುಕೊಂಡಿದ್ದ, ಅಷ್ಟೇ. ಟೀಚರಿಗೂ ನಾನು ಹಾಗೆಯೇ ಹೇಳಿದ್ದೇನೆ.

ನೀವು ನಂಬುವುದಿಲ್ಲ, ನನಗೆ ಗೊತ್ತು.

ಅವನಿಗೆ ಹೆಸರಿಟ್ಟ ದಿನ, ಆಗಿನ್ನೂ ಬದುಕಿದ್ದ ನಿಮ್ಮ ಅಕ್ಕ ಅವನ ಕಿವಿಯಲ್ಲಿ ಹೆಸರು ಹೇಳಿದಳು. ನಾನು ಹೆತ್ತವಳು, ತೊಟ್ಟಿಲ ಹತ್ತಿರ ಬಾಯಿಗೆ ಸೆರಗು ಹಿಡಿದು ನಿಂತಿದ್ದೆ. ಅಜ್ಜನ ಹೆಸರಿನವನೆಂದು ಮುತ್ಯಾ, ಮುತ್ಯಾ ಅಂತಲೇ ಬೆಳೆಸಿದೆ. ತೆವಳುವ ಕೂಸಿಗೆ ಅಜ್ಜಾ ಅನ್ನುತ್ತಾಳೆ ಎಂದು ಚಾಳಿನ ಹೆಂಗಸರು ಆಡಿಕೊಂಡರು. ಮಹಾಪೆಯ ಗೋದಾಮಿಗೆ ಲೋಡಿಂಗ್ ಕೆಲಸಕ್ಕೆ ಹೋಗುವಷ್ಟು ದೊಡ್ಡವನಾದ ಮೇಲೂ ನಾನು ಗಲ್ಲಿಯ ತುದಿಯಿಂದ ಮುತ್ಯಾ ಅಂತ ಕೂಗಿದರೆ ಗೆಳೆಯರ ಮುಂದೆ ಮುಖ ಕೆಂಪು ಮಾಡಿಕೊಳ್ಳುತ್ತಿದ್ದ. ಒಮ್ಮೆ ಖಾಡಿಯ ಉಪ್ಪುನೀರಿನ ಮೇಲಿನ ಸೇತುವೆ ದಾಟಿ ಬರುವಾಗ, "ಮೇರಾವಾಲಾ ತಾರಾ ಕಿಧರ್ ಹೈ ಅವ್ವಾ?" ಅಂತ ಕೇಳಿದ. ಅವನ ಚುಕ್ಕಿ ಅಲ್ಲಿದೆ ಎಂದು ದಕ್ಷಿಣಕ್ಕೆ ಕೈ ಮಾಡಿದೆ. ಐರೋಲಿ ಕಡೆಯ ದೀಪಗಳಲ್ಲಿ ಆಕಾಶವೇ ಕಾಣಲಿಲ್ಲ. "ಅಲ್ಲಿ ಟವರ್ ಐತಿ, ಹದಿನಾಕನೇ ಮಾಳಿಗೀ ಮ್ಯಾಲ ಇರಬೇಕು ನಿನ್ನ ಮಾವ" ಅಂದು ನಕ್ಕ. ಆ ಮಾತಿಗೆ ಅವನ ಬೆನ್ನಿಗೆ ಗುದ್ದಿದೆ.

ಡೆಂಗಿ ಜ್ವರದಲ್ಲಿ ಆಸ್ಪತ್ರೆಗೆ ಒಯ್ದಾಗ ನೀವೂ ಇದ್ದಿರಿ. ಚೀಟಿ ಮಾಡುವವನು ಅವನ ಹೆಸರು ಕೂಗಿದ. ನರ್ಸು ಕೂಗಿದಳು, ರಕ್ತ ತೆಗೆಯುವವನು ಕೂಗಿದ. ಕಡೆಗೆ ಹೆಣ ಕೊಡುವ ಬಾಗಿಲಲ್ಲಿ ನಿಂತವನೂ ಕೂಗಿದ. ಗುರುತು ಪರಿಚಯ ಇಲ್ಲದವರೆಲ್ಲ ಕೂಗಿದರು. ಆಮೇಲೆ ಯಾರೂ ಕೂಗಲಿಲ್ಲ. ನೀವೂ ಕೂಗಲಿಲ್ಲ.

ಕಾರ್ಯ ಮುಗಿದ ಮೇಲೆ ಎಂಟು ದಿನ ತಮ್ಮನ ಮನೆಯಲ್ಲಿದ್ದು ಬರುತ್ತೇನೆ ಅಂದಿರಿ. ಎರಡು ಮಳೆಗಾಲ ಕಳೆದವು. ಜಗಳವಾಡಿ ಹೋಗಿದ್ದರೆ ನಾನೂ ಬಂದು ಜಗಳವಾಡಿ ಕರೆತರುತ್ತಿದ್ದೆ. ಖೋಲಿಯೊಳಗೆ ಉಸಿರು ಕಟ್ಟುತ್ತದೆ ಎಂದು ಪದ್ಮಾವತಿಗೆ ಹೇಳಿದಿರಂತೆ. ನನಗೇನು ಎರಡು ಮೂಗು ಇವೆಯೇ? ನಾನೂ ಅದೇ ಖೋಲಿಯಲ್ಲಿ ಉಸಿರಾಡುತ್ತಿದ್ದೇನೆ. ಪದ್ಮಾವತಿ ಫೋನು ಮಾಡಿ ಅಣ್ಣನ ಮಾತು ತೆಗೆದರೆ, ನೀವು ಅವನು, ಅವನದು, ಅವನಿದ್ದಾಗ ಅನ್ನುತ್ತೀರಂತೆ. ನನಗೆ ಕಟ್ಟಳೆ ಇದೆ, ನಿಮಗೇನಾಗಿದೆ? ನೀವೇನು ಆ ಮನೆಯ ಸೊಸೆಯೇ?

ಅವನು ಅಲ್ಲೇ ನಿಂತುಬಿಡುತ್ತಾನೆ ಅನ್ನುತ್ತೀರಿ. ನಿಂತರೆ ನಿಲ್ಲಲಿ. ಇಲ್ಲದಿದ್ದರೆ ಮನೆಗೆ ಬರುವವನಿದ್ದನೇ?

ಟೀಚರು ಶಿವರಾತ್ರಿಗೆ ಮುಂಚೆ ಎಲ್ಲ ಕಳಿಸಬೇಕಂತೆ. ನೀವು ಬೇಡ ಅಂದರೆ ಆ ಹೆಸರು ಕಳಿಸುವುದಿಲ್ಲ ಅನ್ನುತ್ತಾಳೆ, ನೇಮದ ಹುಡುಗಿ. ಆದ್ದರಿಂದ ಬೇಡ ಅನ್ನಬೇಡಿ. ಬರುವ ರವಿವಾರ ಡೊಂಬಿವಲಿಗೆ ಬಂದು ನಿಮ್ಮ ಬಾಯಿಂದ ಹೇಳಿ ಹೋಗಿ. ಬದಲಾಪುರದಿಂದ ಒಂದೇ ಗಾಡಿ, ಜಾಗವೂ ಸಿಗುತ್ತದೆ. ಬರಲು ಆಗದಿದ್ದರೆ ಸುಮ್ಮನಾದರೂ ಇರಿ. ನಾನೇ ಹೇಳುತ್ತೇನೆ. ಮಾವನವರು ಕೇಳಿದರೆ, ನಾನು ಸತ್ತು ಅಲ್ಲಿಗೆ ಹೋದ ಮೇಲೆ ಅವರಿಗೆ ನಾನೇ ಉತ್ತರ ಕೊಟ್ಟುಕೊಳ್ಳುತ್ತೇನೆ. ಎಲ್ಲರಿಗೂ ಉತ್ತರ ಕೊಟ್ಟ ಬಾಯಿ ಇದು, ಒಂದು ಹೆಸರಿಗೆ ಹೆದರುವುದಿಲ್ಲ.

ಬಿಪಿ ಗುಳಿಗೆ ತಪ್ಪಿಸಬೇಡಿ. ತಮ್ಮನ ಹೆಂಡತಿಗೆ ಕೇಳಿದೆನೆಂದು ಹೇಳಿ.

ಗುರಮ್ಮ

ತಾ.ಕ.: ನಾನೇ ಹೇಳುತ್ತೇನೆ ಅಂತ ಬರೆದದ್ದು ಸುಳ್ಳು. ಇವತ್ತು ಮುಂಜಾನೆ ಟೀಚರ ಮನೆಗೆ ಹೋಗಿ ಕೂತಿದ್ದೆ. ಅವಳು ಫೋನು ಮುಂದಿಟ್ಟು, "ಅವಸರ ಇಲ್ಲ ಗುರಮ್ಮಕ್ಕ, ನಿಧಾನಕ್ಕೆ ಹೇಳಿ" ಅಂದಳು. ಬಾಯಿ ತೆರೆದೆ, ಕಂದೀಲು ಅಂತ ಬಂತು. ಮತ್ತೆ ತೆರೆದೆ, ಮತ್ತೆ ಅದೇ ಬಂತು. ನಾಲಿಗೆಯೇ ನನ್ನದಲ್ಲ ಅನ್ನಿಸಿತು. ಅವಳು ಫೋನು ಬಂದ್ ಮಾಡಿ ನೀರು ತಂದುಕೊಟ್ಟಳು. ಇಲ್ಲಿ ಬರೆಯೋಣವೆಂದರೆ ಕೈಯೂ ಏಳುವುದಿಲ್ಲ. ಚುಕ್ಕಿಯ ಮಾತು ಹಾಳಾಗಲಿ, ಕಂದೀಲು ಅಂತಲೇ ಇಟ್ಟುಕೊಳ್ಳಲಿ, ನೀವು ಡೊಂಬಿವಲಿಗೆ ಬರುವುದೂ ಬೇಡ. ಕಳವಾಕ್ಕೆ ಬನ್ನಿ. ಬಾಗಿಲು ಮುಂದೆ ಮಾಡಿ, ಖೋಲಿಯೊಳಗೆ ಒಂದು ಸಲ ಅವನ ಹೆಸರು ಹಿಡಿದು ಕರೆಯಿರಿ. ನಾನು ಒಲೆಯ ಕಡೆ ಮುಖ ಮಾಡಿ ಕೂತಿರುತ್ತೇನೆ. ನನ್ನ ಕಿವಿಗೆ ಬಿದ್ದರೆ ಸಾಕು.