ಕೋರಿಯವರ ರೊಟ್ಟಿ

ಶಹಾಪುರ
11 ಜೂನ್ 2025, ಬುಧವಾರ

ಶ್ರೀಯುತ ವಿಶ್ವರಾಧ್ಯ ಅವರಿಗೆ, ಕಸ್ತೂರಿಯ ಶರಣು.

ನಿಮ್ಮ ಹೆಸರನ್ನು ಹೀಗೆ ಕಾಗದದ ಮೇಲೆ ಬರೆದದ್ದು ಇದೇ ಮೊದಲು. ಮದುವೆಯಲ್ಲಿ ಒಡಪು ಹಾಕಿ ಹೇಳಿದ್ದು ಬಿಟ್ಟರೆ ಬಾಯಲ್ಲೂ ಎಂದೂ ಅಂದಿಲ್ಲ. ಮಗಳು ಹುಟ್ಟುವವರೆಗೆ ‘ಇಲ್ನೋಡ್ರಿ’ ಎಂದು ಕರೆದೆ, ಹುಟ್ಟಿದ ಮೇಲೆ ‘ಗುಡ್ಡಿ ಅಪ್ಪಾರ’ ಎಂದು ಕರೆದೆ. ಹೋದ ಶ್ರಾವಣದಲ್ಲಿ ಗುಡ್ಡಿ ಜ್ವರದಲ್ಲಿ ಹೋದಳು, ನಿಮ್ಮನ್ನು ಕರೆಯುವ ಹೆಸರನ್ನೂ ಒಯ್ದಳು. ಭಾನುವಾರ ಹೋಟೆಲಿನಲ್ಲಿ ನಿಮ್ಮನ್ನು ಒಂದು ಸಲವೂ ಕರೆಯಲಿಲ್ಲ. ನೀವು ಗಮನಿಸಿದಿರೋ ಇಲ್ಲವೋ ತಿಳಿಯದು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಹೂಂ ಅನ್ನುತ್ತೀರಿ, ನಾನೂ ಹೂಂ ಅನ್ನುತ್ತೇನೆ, ಇಟ್ಟುಬಿಡುತ್ತೇವೆ. ತಮ್ಮ ಶಿವರಾಜ ನಾಳೆ ಅಂಗಡಿಯ ಕೆಲಸಕ್ಕೆ ಯಾದಗಿರಿಗೆ ಬರುತ್ತಾನೆ, ಅವನ ಕೈಗೆ ಈ ಪತ್ರ ಕೊಡುತ್ತೇನೆ. ಅಂಟು ಹಚ್ಚಿಯೇ ಕೊಡುತ್ತೇನೆ, ಒಳಗಿನದು ಅವನಿಗೆ ಬೇಡ.

ನೀವು ಊಟ ಮುಗಿಸಿ ಕೈ ತೊಳೆದು ಬಂದು ಕೇಳಿದ್ದು ಒಂದೇ ಮಾತು: “ಬರ್ತಿ ಏನು, ಇಲ್ಲಾ ಹಿರ್ಯಾರಿಗಿ ಹೇಳಿ ಬಿಡಿಸ್ಕೊಂಬಿಡೂಣು?” ನಾನು ಬರೆದು ತಿಳಿಸುತ್ತೇನೆ ಅಂದೆ. ಮಣ್ಣೆತ್ತಿನ ಅಮಾವಾಸ್ಯೆಯ ಒಳಗೆ ಯಾವುದಾದರೂ ಒಂದು ಮಾಡಿರಿ ಎಂದು ಹಿರಿಯರು ಎರಡೂ ಕಡೆ ಹೇಳಿದ್ದಾರೆ. ಅವರಿಗೂ ಸಾಕಾಗಿದೆ. ನಿಜ ಹೇಳಬೇಕೆಂದರೆ, ಭಾನುವಾರ ನಿಮ್ಮನ್ನು ಕಾಣಲು ಇಲ್ಲಿಂದ ಬಸ್ಸು ಹತ್ತುವಾಗಲೇ ನನ್ನ ಉತ್ತರ ತಯಾರಿತ್ತು. ಬಿಡಿಸಿಕೊಳ್ಳೋಣ ಎನ್ನುವುದೇ ಆ ಉತ್ತರ. ಅದಕ್ಕೆ ದುಃಖವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಕಿಟಕಿಯಲ್ಲಿ ಹೊಲಗಳು ಹೋಗುತ್ತಿದ್ದವು, ನಾನು ನೋಡುತ್ತಿದ್ದೆ.

ಯಾಕೆ ಬಿಟ್ಟು ಬಂದೆ ಎಂದು ನೀವು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಗುಡ್ಡಿ ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ಊಟದ ದಿನ ನೀವು ಪಂಕ್ತಿಯಲ್ಲಿ ಕುಳಿತಿದ್ದಿರಿ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿದ್ದೆ. ಒಂದು ತುತ್ತು ಬಾಯಿಗಿಟ್ಟು ಬಡಿಸುವವರಿಗೆ “ಸಾರಿಗಿ ಉಪ್ಪು ಕಡಿಮಿ ಆಗ್ಯದ” ಅಂದಿರಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಇಲ್ಲಿ ತಾಯಿ ಎನ್ನಿಸಿಕೊಳ್ಳಲು ನನಗೆ ಮಗಳೇ ಉಳಿದಿರಲಿಲ್ಲ, ನಿಮಗೆ ಉಪ್ಪಿನ ಚಿಂತೆ. ಅತ್ತೆ ಭೀಮಾಬಾಯಿ ಆಮೇಲೆ ಸಾರಿನ ರುಚಿ ನೋಡಿ, “ಉಪ್ಪು ಬರೋಬ್ಬರಿ ಅದ, ಅವನೇನೋ ಅಂದಾನ ಬಿಡವ್ವ” ಅಂದರು. ಮಗನ ಮಾತು ಮುಚ್ಚಿಹಾಕಲು ಹಾಗೆ ಅನ್ನುತ್ತಾರೆ ಎಂದುಕೊಂಡೆ, ನಂಬಲಿಲ್ಲ. ಮರುವಾರವೇ ತವರಿಗೆ ಬಂದೆ.

ನಿಮ್ಮ ನಾಲಿಗೆ ಎಂಥದೆಂದು ಇಡೀ ಯಾದಗಿರಿ ಬಜಾರಕ್ಕೆ ಗೊತ್ತು. ತೊಗರಿ ಬೇಳೆಯ ಒಂದು ಕಾಳು ಹಲ್ಲಿಗೆ ಹಾಕಿ ಇದು ಮುದನಾಳದ್ದು, ಇದು ಕೆಂಭಾವಿಯದ್ದು ಎನ್ನುವವರು ನೀವು. ಶೇಂಗಾ ಹಿಂಡಿ ಒರಳಲ್ಲಿ ಕುಟ್ಟದೆ ಮಿಕ್ಸಿಗೆ ಹಾಕಿದ ದಿನ ನಾನು ಸಿಕ್ಕಿಬೀಳದೆ ಉಳಿದದ್ದೇ ಇಲ್ಲ. ಅಂಥ ನಾಲಿಗೆ ಮಗಳು ಹೋದರೂ ಚುರುಕಾಗಿಯೇ ಇದೆಯಲ್ಲ ಎಂದು ನನಗೆ ಹೇಸಿಗೆಯಾಗಿತ್ತು. ನನಗೋ ಅಂದಿನಿಂದ ಯಾವ ರುಚಿಯೂ ತಿಳಿಯುವುದಿಲ್ಲ. ಅವ್ವ ಪುಂಡಿಪಲ್ಯ ಮಾಡಿ ಹುಳಿ ಹೇಗಾಗಿದೆ ಎಂದು ಕೇಳುತ್ತಾಳೆ. ಛಲೋ ಆಗಿದೆ ಅನ್ನುತ್ತೇನೆ. ಬಾಯಿಗೆ ಅದು ಒದ್ದೆ ಬಟ್ಟೆಯ ಹಾಗೆ ಇರುತ್ತದೆ.

ಸ್ಟೇಷನ್ ರಸ್ತೆಯ ಆ ಕರಾವಳಿ ಊಟದ ಹೋಟೆಲ್ ಯಾಕೆ ಆರಿಸಿದಿರಿ ಎಂದು ಮೊದಲು ಅರ್ಥವಾಗಿರಲಿಲ್ಲ. ನಮ್ಮ ಮಂದಿ ಯಾರೂ ಅಲ್ಲಿ ಬರುವುದಿಲ್ಲ, ಕೂತು ಮಾತಾಡಬಹುದು ಅಂದಿದ್ದಿರಿ. ಬೋರ್ಡಿನ ಮೇಲೆ ಮಂಗಳೂರು ಎಂದಿದ್ದುದನ್ನು ನೋಡಿ ಬಾಗಿಲಲ್ಲಿ ನಾನು ಅನುಮಾನಿಸಿದಾಗ, “ಮಂಗಳೂರು ಅಂದ್ರ ಉಡುಪಿ ಕಡಿ. ಉಡುಪಿ ಹೋಟೆಲ್ ಅಂದ್ಮ್ಯಾಲ ಪೂರಾ ಶಾಕಾಹಾರಿ ಇರ್ತದ” ಎಂದು ಒಳಗೆ ನಡೆದಿರಿ. ಗೋಡೆಯ ತುಂಬ ಸಮುದ್ರದ ಚಿತ್ರ, ಅದರಲ್ಲಿ ಮೀನು. ಮೀನು ಇವೆಯಲ್ಲ ಅಂದರೆ, ಸಮುದ್ರದೊಳಗೆ ಮೀನು ಇರದೆ ಕುರಿ ಇರುತ್ತವೆಯೇ ಅಂದಿರಿ. ಹೊತ್ತು ಇನ್ನೂ ಏರಿರಲಿಲ್ಲ, ಬೇರೆ ಗಿರಾಕಿಗಳಿರಲಿಲ್ಲ. ನೀವು ಗೋಡೆಗೆ ಮುಖ ಮಾಡಿ ಕುಳಿತಿರಿ. ಆಗ ತಿಳಿಯಿತು. ಬೋನಾಳ ಕೆರೆ ತೋರಿಸಿದಾಗ “ಸಮುದ್ರ ಇಷ್ಟೇ ಇರ್ತದೇನಪ್ಪ?” ಎಂದು ಗುಡ್ಡಿ ಕೇಳಿದ್ದಳು, ದೀಪಾವಳಿ ರಜೆಗೆ ಖರೆ ಸಮುದ್ರ ತೋರಿಸುತ್ತೇನೆ ಎಂದು ನೀವು ಮಾತು ಕೊಟ್ಟಿದ್ದಿರಿ. ನೀವು ಅವಳ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಮೆನು ನೋಡುತ್ತ ನೀವು ಒಮ್ಮೆಲೆ ಬೆರಳಿಟ್ಟು, “ಇಲ್ನೋಡು, ನಿಮ್ಮ ತವರವರ ರೊಟ್ಟಿ ಅದ” ಅಂದಿರಿ. ಕೋರಿ ರೊಟ್ಟಿ ಎಂದು ಬರೆದಿತ್ತು. ನಮ್ಮ ಅಡ್ಡಹೆಸರು ಕೋರಿ ಇರುವುದಕ್ಕೆ ಹಾಗೆ ಅಂದಿರಿ. ಕೋರಿಯವರು ಬಟ್ಟೆ ವ್ಯಾಪಾರ ಬಿಟ್ಟು ಅಷ್ಟು ದೂರ ಹೋಗಿ ರೊಟ್ಟಿ ಯಾವಾಗ ಬಡಿದರು ಎಂದೂ ಕೇಳಿದಿರಿ. ಇಷ್ಟು ತಿಂಗಳಲ್ಲಿ ನೀವು ಮಾಡಿದ ಮೊದಲನೆಯ ತಮಾಷೆ ಅದು. ನನಗೆ ನಗು ಬರಲಿಲ್ಲ, ಆದರೆ ನಗಬೇಕಿತ್ತು ಅನ್ನಿಸಿತು. ಬಡಿಸುವವ ಆ ಕಡೆಯವನು. ನಿಮ್ಮ ಹಣೆಯ ವಿಭೂತಿ ನೋಡಿ, ಇದೇ ಬೇಕಾ ಸರ್ ಎಂದು ಎರಡು ಸಲ ಕೇಳಿದ. ನಿಮಗೆ ಸಿಟ್ಟು ಬಂತು. “ರೊಟ್ಟಿ ತಿನ್ನೋ ಮಂದಿಗಿ ರೊಟ್ಟಿ ಗೊತ್ತಿಲ್ಲೇನು? ತರ್ರಿ” ಅಂದಿರಿ.

ಬಂದದ್ದು ಅಕ್ಕಿಯ ತೆಳ್ಳನೆಯ ಹಾಳೆ. ನಮ್ಮ ಖಡಕ್ ರೊಟ್ಟಿಗೆ ಬಿಳಿಯ ತಂಗಿಯ ಹಾಗೆ ಇತ್ತು. ಪಕ್ಕದ ಬಟ್ಟಲಲ್ಲಿ ತೆಂಗಿನಕಾಯಿ ಅರೆದ ಕೆಂಪು ಸಾರು. ನೀವು ರೊಟ್ಟಿ ಮುರಿದು ಸಾರು ಸುರಿದುಕೊಂಡು ಉಣ್ಣತೊಡಗಿದಿರಿ. ಬಟ್ಟಲ ಬುಡದಲ್ಲಿದ್ದ ತುಂಡುಗಳು ಬದನೆಕಾಯಿ ಇರಬೇಕು ಎಂದು ಮುಟ್ಟಲಿಲ್ಲ, ನಿಮಗೆ ಬದನೆ ಆಗುವುದಿಲ್ಲ. ನಾನು ಒಂದು ಹಾಳೆ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದೆ.

ನಿಮಗೆ ಕಾಳಿನ ಅಡತಿ ಅಂಗಡಿಯಿಂದ ಫೋನ್ ಬಂತು. ನೀವು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದಿರಿ. ಆಗ ಅಯಾಜ್ ಒಳಗಿನಿಂದ ಬಂದ. ಅವನ ಅಪ್ಪ ಶಹಾಪುರದಲ್ಲಿ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡವರು, ಅವನು ನನ್ನನ್ನು ಚಿಕ್ಕಂದಿನಿಂದ ಬಲ್ಲ. ಆ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಬಗ್ಗಿ ಮೆಲ್ಲಗೆ ಏನೋ ಕೇಳಿದ. ಅವನು ಏನಂದ ಎಂದು ನೀವು ಆಮೇಲೆ ವಿಚಾರಿಸಿದಿರಿ, ಮನೆಯವರೆಲ್ಲ ಆರಾಮ ಇದ್ದಾರೇನೆಂದು ಕೇಳಿದ ಅಂದೆ.

ನೀವು ತಟ್ಟೆ ಪೂರಾ ಖಾಲಿ ಮಾಡಿ, ಬೆರಳಿಗೆ ಹತ್ತಿದ್ದನ್ನೂ ನೆಕ್ಕಿ, “ಛಲೋ ಅದ” ಅಂದಿರಿ. ಆ ಮಾತು ಕೇಳಿ ನನ್ನೊಳಗೆ ಏನೋ ಅಲುಗಾಡಿತು. ಸಂತೋಷ ಅನ್ನಲಾರೆ. ಜೋಮು ಹಿಡಿದ ಕಾಲಿಗೆ ಮತ್ತೆ ರಕ್ತ ಬಂದಾಗ ಚುಚ್ಚುತ್ತದಲ್ಲ, ಹಾಗೆ ಚುಚ್ಚಿತು. “ತಣ್ಣಗಾಗ್ತದ, ಉಣ್ಣು” ಎಂದು ನೀವು ನನಗೆ ಹೇಳಿದಿರಿ. ನಾನು ಉಂಡೆ. ನಿಮ್ಮಷ್ಟೇ ಉಂಡೆ.

ಉತ್ತರ ಇದು: ನಾನು ಬರುತ್ತೇನೆ. ಹಿರಿಯರಿಗೆ ಏನು ಹೇಳಬೇಕೋ ನೀವೇ ಹೇಳಿರಿ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಸ್ಟ್ಯಾಂಡಿಗೆ ಕರೆಯಲು ಬರಬೇಡಿರಿ, ನನಗೆ ದಾರಿ ಗೊತ್ತಿದೆ. ಅವಳ ಚೀಲ, ಚಪ್ಪಲಿ ಎಲ್ಲಿದ್ದವೋ ಅಲ್ಲೇ ಇರಲಿ, ಎತ್ತಿಟ್ಟಿದ್ದರೆ ಮತ್ತೆ ಅಲ್ಲೇ ಇಡಿರಿ. ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಾನು ಬರೆಯುವುದಿಲ್ಲ. ಆದರೆ ನಿಮ್ಮನ್ನು ಹಿಂದಿನ ಹಾಗೆ ಗುಡ್ಡಿ ಅಪ್ಪಾರ ಎಂದೇ ಕರೆಯುತ್ತೇನೆ. ಕೇಳಿದವರು ಏನಾದರೂ ಅಂದುಕೊಳ್ಳಲಿ.

ಅತ್ತೆಗೆ ನನ್ನ ಶರಣು ತಿಳಿಸಿರಿ.

ಇಂತಿ,
ಗುಡ್ಡಿ ಅವ್ವ

ತಾ.ಕ.: ಅಯಾಜ್ ಕೇಳಿದ್ದು ಮನೆಯವರ ಆರಾಮವನ್ನಲ್ಲ. “ಅಕ್ಕಾರ, ಸಾವ್ಕಾರ್ರು ಕೋಳಿ ತಿನ್ನೋದು ಯಾವಾಗ ಸುರು ಮಾಡ್ಯಾರ್ರಿ?” ಅಂದ. ಆ ಕಡೆಯ ತುಳು ಮಾತಿನಲ್ಲಿ ಕೋರಿ ಅಂದರೆ ಕೋಳಿಯಂತೆ. ಆಗ ನಿಮ್ಮ ತಟ್ಟೆಯಲ್ಲಿ ಇನ್ನೂ ಅರ್ಧ ಇತ್ತು. ನಿಮ್ಮ ಕೈ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಈಗ ಗೊತ್ತಾಗುತ್ತದೆ, ಈಗ ತಟ್ಟೆ ಸರಿಸುತ್ತಾರೆ ಎಂದು ನಿಮ್ಮ ಬಾಯಿಯನ್ನೇ ನೋಡುತ್ತ ಕುಳಿತೆ. ಹುಟ್ಟಿದಾಗಿನಿಂದ ಮುಟ್ಟದ್ದನ್ನು ಉಂಡು ಛಲೋ ಅದ ಅಂದಿರಿ. ಆಮೇಲೆ ನಾನು ಉಂಡದ್ದು ತಿಳಿದೇ. ತಪ್ಪಾಗಿದ್ದರೆ ಇಬ್ಬರದೂ ಆಗಲಿ, ನಿಮ್ಮೊಬ್ಬರದೇ ಆಗಬಾರದು ಎಂದು ಉಂಡೆ. ನನಗೂ ಏನೂ ರುಚಿ ತಿಳಿಯಲಿಲ್ಲ. ಮಠಕ್ಕೆ ಹೋಗಿ ಹೇಳಿಕೊಳ್ಳುವುದಿದ್ದರೆ ಜೋಡಿಯಾಗಿ ಹೋಗೋಣ. ಬೈಯುವುದಿದ್ದರೆ ಸೋಮವಾರ ಬೈಯಿರಿ. ಗುಡ್ಡಿಯ ಆರಾಧನೆಯ ದಿನದ ಸಾರಿಗೆ ಉಪ್ಪು ಬರೋಬ್ಬರಿ ಇತ್ತೆಂದು ಅತ್ತೆ ಅಂದಿದ್ದರಲ್ಲ, ಅದನ್ನು ಈಗ ನಂಬುತ್ತೇನೆ.