ಕುದುರೆಗೂ ಹೆಸರಿತ್ತು

ಎರಡನೆಯ ಬೇಸಗೆ, ನಲವತ್ತೊಂದನೆಯ ತಾರೀಖು, ನೆರಳು ಹಾಸಿದ ಹೊತ್ತು
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೩೮೬ ಇರಬಹುದು)
ಗುಂಡಿಯೂರು, ಸಂಡೂರು ಸೀಮೆ

ನಮಗಿಂತ ಮೊದಲು ಬಾಳಿದವರಿಗೆ ಸುಂಕಮ್ಮ ಮಾಡುವ ನಮಸ್ಕಾರಗಳು.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಕನ್ನಡ ನಿಮಗೆ ಒರಟಾಗಿ ಕೇಳಿಸಬಹುದು. ನಿಮ್ಮಲ್ಲಿಲ್ಲದ ಕೆಲವು ಮಾತು ನಮ್ಮಲ್ಲಿವೆ, ಬಂದ ಕಡೆ ಬಿಡಿಸಿ ಹೇಳುತ್ತೇನೆ. ನಲವತ್ತೊಂದನೆಯ ತಾರೀಖು ಎಂದರೆ ನಗಬೇಡಿ, ನಮ್ಮ ಬೇಸಗೆಗಳು ಉದ್ದ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ: ಇದು ಹೊಟ್ಟೆಕಿಚ್ಚಿನ ಹೆಂಗಸು ಬರೆಯುತ್ತಿರುವ ಕಾಗದ.

ನಾವಿರುವುದು ನೀವು ಅದಿರು ಅಗೆದು ಬಿಟ್ಟುಹೋದ ಗುಂಡಿಯಲ್ಲಿ. ಗುಂಡಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು, ತಳದಲ್ಲಿ ಕೆರೆ. ಬಿಸಿಲೇರಿದ ಮೇಲೆ ಈ ದಂಡೆಯಿಂದ ಆ ದಂಡೆಗೆ ದೊಡ್ಡ ಬಟ್ಟೆ ಎಳೆಯುತ್ತಾರೆ, ಅದಕ್ಕೆ ನೆರಳುಹಾಸು ಎನ್ನುತ್ತೇವೆ. ಹೊಲದ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಮಧ್ಯಾಹ್ನ ಜೋಳದ ರೊಟ್ಟಿ, ಕೆಂಪು ಖಾರ, ಮೇಲೊಂದು ನಿದ್ದೆ. ಕೆಂಪು ಧೂಳು ಮಾತ್ರ ನಿಮ್ಮ ಕಾಲದ್ದೇ, ಎಷ್ಟು ಒಗೆದರೂ ಸೀರೆಯ ಅಂಚು ಬಿಡುವುದಿಲ್ಲ. ನಿದ್ದೆ ಮುಗಿದ ಮೇಲೆ ಜನ ಚಾಪೆ ಸುತ್ತಿಕೊಂಡು ಹೊರೆಮನೆಗಳಿಗೆ ಬರುತ್ತಾರೆ. ನಮ್ಮದೂ ಒಂದು ಹೊರೆಮನೆ.

ಹೊರೆ ಎಂದರೆ ನೆನಪಿನ ಹೊರೆ. ನಿಮ್ಮ ಯಂತ್ರಗಳು ನಿಜವನ್ನೂ ಕಟ್ಟುಕಥೆಯನ್ನೂ ಒಂದೇ ಪಾತ್ರೆಯಲ್ಲಿ ಕಲಸಿಟ್ಟವಂತೆ. ಬೇಳೆ ಯಾವುದು ಕಲ್ಲು ಯಾವುದು ಎಂದು ತಿಳಿಯದೆ ಎರಡು ತಲೆಮಾರಿನ ಜನ ಹುಚ್ಚರ ಹಾಗೆ ಕಾದಾಡಿದರು. ಆಮೇಲೆ ಹಿರಿಯರು ಕೂತು, ಕೈಗೆ ಸಿಕ್ಕ ಹಳೆಯ ಪುಸ್ತಕಗಳನ್ನು ಆರಿಸಿ, ತುಂಡು ತುಂಡಾಗಿ ಲೋಕದ ಮನೆಮನೆಗಳಿಗೆ ಚೀಟಿ ಎತ್ತಿ ಹಂಚಿದರು. ಕಲಿತು, ಬಾಯಲ್ಲಿ ಹೊತ್ತು, ಮುಂದಿನವರಿಗೆ ದಾಟಿಸಬೇಕು. ಯಾರಿಗೂ ಅವರದೇ ನಾಡಿನದ್ದು ಕೊಡಲಿಲ್ಲ. ತಮ್ಮ ಅಜ್ಜನನ್ನು ಎಲ್ಲರೂ ತಿಕ್ಕಿ ತೊಳೆದು ಹೊಳಪು ಕೊಡುತ್ತಾರೆ, ಪಕ್ಕದ ಮನೆಯ ಅಜ್ಜನಿಗೆ ಆ ಉಪಚಾರವಿಲ್ಲ. ಹಾಗಾಗಿ ನಮ್ಮ ಕನ್ನಡ ನಾಡಿನ ಕಾಳಗಗಳನ್ನು ಎಲ್ಲೋ ಮಂಜಿನ ದ್ವೀಪದವರು ಹೊತ್ತಿದ್ದಾರೆ. ಈ ಮನೆಗೆ ಸೊಸೆಯಾಗಿ ಬಂದ ನನ್ನ ಪಾಲಿಗೆ ಬಂದದ್ದು ನೀವು ಎರಡನೆಯ ಮಹಾಯುದ್ಧ ಎನ್ನುವ ಕಾಲದ ಜರ್ಮನಿಯ ಒಂದು ಪದಾತಿ ಡಿವಿಷನ್ನಿನ, ಅಂದರೆ ಕಾಲಾಳುಗಳ ದೊಡ್ಡ ದಂಡಿನ, ಚರಿತ್ರೆ. ಅದರ ಸಂಖ್ಯೆ ಹೇಳುವಂತಿಲ್ಲ. ಹಿಂದೊಮ್ಮೆ ಪಡ್ಡೆಗಳು ಅಂಗಿಯ ಮೇಲೆ ಬರೆಸಿಕೊಂಡು ತಿರುಗಿದ್ದಕ್ಕೆ ಹಿರಿಯರು ಬೇಡವೆಂದರು.

ಪಾಲಿಗೆ ಬಂದದ್ದು ಪಂಚಾಮೃತ ಎಂದು ಅತ್ತೆ ಸಮಾಧಾನ ಹೇಳಿದರು. ಆದರೆ ಎದುರುಹೊರೆ ಎಂಬುದೊಂದಿದೆಯಲ್ಲ! ಪೆಟ್ಟು ಕೊಟ್ಟವರ ಕಥೆ ಇರುವ ಮನೆಯಲ್ಲೇ ಪೆಟ್ಟು ತಿಂದವರ ಕಥೆಯೂ ಇರಬೇಕು, ಬೇರೆ ಬಾಯಲ್ಲಿ. ನನ್ನ ಡಿವಿಷನ್ ಪೂರ್ವಕ್ಕೆ ನಡೆದ ದಾರಿಯಲ್ಲಿ ಸುಟ್ಟ ಒಂದು ಹಳ್ಳಿ ಇತ್ತು. ಆ ಹಳ್ಳಿ ಬಂದದ್ದು ನನ್ನ ನೆಗೆಣ್ಣಿಗೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ ಹುಲಿಗೆಮ್ಮಕ್ಕನಿಗೆ.

ಜಗಲಿಯ ಈ ಕಡೆ ನಾನು, ಆ ಕಡೆ ಅವಳು. ನಾನು ಶುರು ಮಾಡುತ್ತೇನೆ. ಊರೂರಿನಿಂದ ಎಳೆಯರನ್ನು ಕೂಡಿಸಿ ಡಿವಿಷನ್ ಕಟ್ಟಿದ್ದು, ಪಶ್ಚಿಮದಲ್ಲಿ ಸುಲಭವಾಗಿ ಗೆದ್ದು ಬೀಗಿದ್ದು, ಮತ್ತೆ ಪೂರ್ವಕ್ಕೆ ಹೊರಟಿದ್ದು. ಅವರಲ್ಲಿ ಹೆಚ್ಚಿನವರು ನಡೆದೇ ಹೋದರು. ತೋಪು, ರೊಟ್ಟಿ, ಔಷಧಿ ಎಲ್ಲ ಕುದುರೆಗಾಡಿಯ ಮೇಲೆ. ಧೂಳಿಗೆ ಗಂಟಲು ಕಟ್ಟಿದ್ದು, ಬೂಟಿನೊಳಗೆ ಕಾಲು ಕೊಳೆತದ್ದು, ಚಳಿಗಾಲದಲ್ಲಿ ಬಂದೂಕಿನ ಎಣ್ಣೆ ಹೆಪ್ಪುಗಟ್ಟಿದ್ದು, ಕೊನೆಯ ಬೇಸಗೆಯಲ್ಲಿ ಸುತ್ತುವರಿದವರ ನಡುವೆ ಇಡೀ ಡಿವಿಷನ್ ಕರಗಿಹೋದದ್ದು, ಎಲ್ಲ ನನ್ನ ಬಾಯಲ್ಲಿದೆ. ಅವರ ಚರಿತ್ರೆಯನ್ನು ಉಳಿದು ಬಂದವರೇ ಬರೆದುಕೊಂಡರು, ಹಾಗಾಗಿ ಯಾವುದಕ್ಕೂ ಕೊರತೆ ಇಲ್ಲ. ಹಳ್ಳಿ ಸುಟ್ಟ ದಿನಕ್ಕೆ ಮಾತ್ರ ಅವರು ಬರೆದದ್ದು ಇಷ್ಟೇ: ಹವೆ ಒಣ, ಬಾವಿಯ ಬಳಿ ತಂಗಿದೆವು, ಲೀಸೆಲ್ ಎಂಬ ಕುದುರೆ ಕುಂಟುತ್ತಿತ್ತು, ಹೊಸ ಲಾಳ ಕಟ್ಟಿಸಿದೆವು.

ಅಲ್ಲಿಗೆ ನಾನು ಬಾಯಿ ಮುಚ್ಚಬೇಕು. ಜನ ಎದ್ದು ಚಾಪೆಯನ್ನು ಆ ಕಡೆ ತಿರುಗಿಸಿ ಹಾಸುತ್ತಾರೆ. ಅಕ್ಕ ಹಳ್ಳಿಯ ಕಥೆ ಶುರು ಮಾಡುತ್ತಾಳೆ: ಹುಲ್ಲಿನ ಮನೆಗಳು, ಬಾವಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹುಡುಗಿ, ಹೊಗೆ. ಮೊದಲ ಮಾತಿಗೇ ಹೆಂಗಸರು ಸೆರಗು ಕಣ್ಣಿಗೆ ಒತ್ತುತ್ತಾರೆ. ನನ್ನ ಕಥೆಗೆ ಆಕಳಿಸುವ ಗಂಡಸರೂ ಅಲ್ಲಿ ಮೂಗು ಸೀಟುತ್ತಾರೆ. ಕಥೆ ಮುಗಿದ ಮೇಲೆ ಅವಳ ಮಡಿಲಿಗೆ ಬೆಲ್ಲ, ಕೊಬ್ಬರಿ. ನನಗೆ ಒಂದು ಲೋಟ ನೀರೂ ಇಲ್ಲ. ಸಾಲದ್ದಕ್ಕೆ, ಸುಟ್ಟವಳು ನಾನೇ ಎಂಬಂತೆ ನೋಡಿ ಹೋಗುತ್ತಾರೆ. ಹೊಟ್ಟೆ ಉರಿಯದೆ ಏನಾಗುತ್ತದೆ ಹೇಳಿ? ಸುಟ್ಟ ಊರಿನ ಮೇಲೂ ಒಬ್ಬಳು ಅಸೂಯೆ ಪಡಬಹುದೇ ಎಂದು ನೀವು ಕೇಳಬಹುದು. ನಾನು ಪಟ್ಟಿದ್ದೇನೆ.

ಉರಿಯುವ ಬೆಂಕಿಗೆ ತುಪ್ಪ ಸುರಿದವಳು ನನ್ನ ಮಗಳು ಮಾರೆಕ್ಕ. ಹುಲಿಗೆಮ್ಮಕ್ಕನಿಗೆ ಮಕ್ಕಳಿಲ್ಲ, ಈಚೆಗೆ ಗಂಟಲಿನ ಕಾಯಿಲೆ ಬೇರೆ. ಪ್ರಾಯಕ್ಕೆ ಬಂದ ಮಕ್ಕಳು ಮನೆಯ ಹೊರೆಗಳಲ್ಲಿ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ನಾನು ಹೆತ್ತ ಮಗಳೇ ಊರೆದುರು ಎದ್ದು, ನೆಟ್ಟಗೆ ಹೋಗಿ ಅವಳ ಚಾಪೆಯ ಮೇಲೆ ಕೂತಳು. ಮಗಳನ್ನೂ ಆ ಹಳ್ಳಿ ಕಸಿದುಕೊಂಡಿತು ಎಂದು ಆವತ್ತು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಆಗಲೇ ನಿರ್ಧಾರ ಮಾಡಿದೆ: ಹೊರೆ ಇಳಿಸಿಬಿಡುತ್ತೇನೆ. ಹಾಗೆ ಇಳಿಸುವ ಹಕ್ಕು ನಮಗೆ ಬಾಳಿನಲ್ಲಿ ಒಂದು ಸಲ ಇದೆ. ಇಳಿಸಿದ ಹೊರೆಯನ್ನು ಯಾರೂ ಎತ್ತಿಕೊಳ್ಳದಿದ್ದರೆ ಅದು ಸತ್ತಂತೆ. ಸಾಯಲಿ ಎಂದುಕೊಂಡೆ. ಆದರೆ ಇಳಿಸುವ ಮೊದಲು ಎದುರುಹೊರೆಯವರ ಒಪ್ಪಿಗೆ ಕೇಳಬೇಕೆಂಬುದು ಪದ್ಧತಿ. ಮುಖ ಗಂಟಿಕ್ಕಿಕೊಂಡೇ ಅಕ್ಕನ ಕೋಣೆಗೆ ಹೋದೆ. ಬಿಸಿನೀರು ಕುಡಿಯುತ್ತ ಕೂತಿದ್ದಳು. ಕೇಳಿದೆ. ಅವಳ ದನಿ ಆಗಲೇ ಅರ್ಧ ಹೋಗಿತ್ತು.

“ಇಳಸ್ತೀಯೇನು? ಇಳಸವ್ವ, ನಾ ಯಾಕ ಬ್ಯಾಡ ಅನ್ಲಿ. ಆದ್ರ ನಾಳಿ ಯಾರರ ಎದ್ದು, ಊರು ಸುಟ್ಟೋರು ಯಾರು ಅಂತ ಕೇಳಿದ್ರ ನಿನ್ನ ಮಗಳು ಏನಂತ ಹೇಳ್ಬೇಕು? ಬೆಂಕಿ ತಾನಾಗೇ ಬಂತು ಅನ್ಲೇನು?”

ಅವಳು ಲೋಟ ಕೆಳಗಿಟ್ಟಳು.

“ಇಷ್ಟು ದಿನ ಒಂದ ಮನ್ಯಾಗ ಉಂಡೀವಿ. ನಿನ್ನ ಮ್ಯಾಲ ನನಗ ಎಷ್ಟು ಹೊಟ್ಟಿಕಿಚ್ಚು ಐತಿ ಅಂತ ನಿನಗ ಗೊತ್ತಿಲ್ಲ ತಂಗಿ.”

“ನನ್ನ ಮ್ಯಾಲ? ಬೆಲ್ಲ ಕೊಬ್ರಿ ಎಲ್ಲ ನಿನಗ ಬರ್ತಾವಲ್ಲಕ್ಕ!”

“ಬೆಲ್ಲ ತಗೊಂಡು ಏನ್ ಮಾಡ್ಲಿ? ನಿಮ್ಮೋರ ಕುದ್ರಿಗೂ ಹೆಸರೈತಿ. ಅದರ ಕಾಲಿಗೆ ಲಾಳ ಕಟ್ಟಿದ್ದೂ ಬರದಿಟ್ಟಾರ. ನನ್ನ ಬಾವಿತಾವ ನಿಂತ ಹುಡುಗಿಗೆ ಹೆಸರಿಲ್ಲ. ದಿನಾ ನೀ ಲೀಸೆಲ್ ಅಂದಾಗೆಲ್ಲ ನನ್ನ ಹೊಟ್ಯಾಗ ಕೊಳ್ಳಿ ಇಟ್ಟಂಗ ಆಗ್ತೈತಿ.”

ಆ ಕುದುರೆಯ ಹೆಸರನ್ನು ನಾನು ಎಷ್ಟು ಸಲ ಹೇಳಿದ್ದೇನೋ! ಮಕ್ಕಳಿಗೆ ಇಷ್ಟವೆಂದು ಸ್ವಲ್ಪ ಎಳೆದು, ರಾಗವಾಗಿ ಹೇಳುತ್ತಿದ್ದೆ. ಅದೇ ಹೊತ್ತಿಗೆ ಅದೇ ಬಾವಿಯ ಬಳಿ ಒಂದು ಹುಡುಗಿ ನಿಂತಿದ್ದಳೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಕ್ಕನಿಗೆ ಬರುವ ಬೆಲ್ಲದ ಮೇಲೆ ನನ್ನ ಕಣ್ಣಿತ್ತು, ಅಷ್ಟೇ.

ಹೊರೆ ಇಳಿಸಲಿಲ್ಲ. ಅದನ್ನು ದೊಡ್ಡತನ ಎಂದುಕೊಳ್ಳಬೇಡಿ, ಮಗಳು ಅಕ್ಕನ ಕಾಲಬುಡದಲ್ಲಿ ಕೂತು ಕಲಿಯುವುದನ್ನು ಕಂಡರೆ ಈಗಲೂ ನನಗೆ ಹೊಟ್ಟೆಕಿಚ್ಚೇ. ನನ್ನ ಚಾಪೆಯ ಮೇಲೆ ಇನ್ನೂ ಯಾರೂ ಬಂದು ಕೂತಿಲ್ಲ. ಆದರೆ ಒಂದು ಬದಲಾವಣೆ ಮಾಡಿದ್ದೇನೆ, ಹಿರಿಯರೂ ಒಪ್ಪಿದ್ದಾರೆ. ಕುದುರೆಯ ಹೆಸರು ಲೀಸೆಲ್ ಎಂದು ಹೇಳಿದ ಮೇಲೆ, ಬಾವಿಯ ಬಳಿ ನಿಂತಿದ್ದ ಹುಡುಗಿಯ ಹೆಸರು ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸುತ್ತೇನೆ. ಒಂದು ಹೆಸರು ಹೇಳುವಷ್ಟು ಹೊತ್ತು ಜಗಲಿಯಲ್ಲಿ ಯಾರೂ ಉಸಿರೆತ್ತುವುದಿಲ್ಲ. ಆಮೇಲೆ ಚಾಪೆಗಳು ತಿರುಗುತ್ತವೆ.

ಈಗ ನನ್ನ ಬೇಡಿಕೆ. ನಿಮ್ಮ ಮೇಲೂ ನನಗೆ ಅಸೂಯೆಯೇ, ಯಾಕೆಂದರೆ ನೀವು ಆ ಬಾವಿಗೆ ನಮಗಿಂತ ಎಷ್ಟೋ ಹತ್ತಿರ ಇದ್ದೀರಿ. ಆ ಹುಡುಗಿಯ ಜೊತೆ ಆಡಿದವಳು ಯಾರಾದರೂ ಮುದುಕಿಯಾಗಿ ನಿಮ್ಮ ಕಾಲದಲ್ಲಿ ಬಿಸಿಲು ಕಾಯಿಸುತ್ತ ಕೂತಿರಬಹುದು. ಡಿವಿಷನ್ನುಗಳ ಚರಿತ್ರೆ ಓದುವವರು ನಿಮ್ಮಲ್ಲಿ ಬಹಳ ಜನ ಇದ್ದಾರೆಂದು ಕೇಳಿದ್ದೇನೆ. ಓದಿ, ಬೇಡ ಎನ್ನುವುದಿಲ್ಲ. ಬಾವಿಯ ಬಳಿ ತಂಗಿದೆವು ಎಂದು ಬಂದ ಕಡೆ ಮಾತ್ರ ಪುಸ್ತಕ ಮಡಚಿಟ್ಟು, ಆ ಬಾವಿ ಯಾರದು ಎಂದು ಎದ್ದು ಹೋಗಿ ಕೇಳಿ.

ಹೆಸರು ಸಿಕ್ಕರೆ ತಡಮಾಡದೆ ತಿಳಿಸಿ. ಜಾಗ ಖಾಲಿ ಇಟ್ಟಿದ್ದೇನೆ. ಆ ಹೆಸರನ್ನು ನಾನೇ ಹೇಳಬೇಕು, ಅಕ್ಕ ಅದನ್ನು ಕೇಳಬೇಕು, ಅವಳಿಗೆ ಹುಷಾರಿಲ್ಲ.

ಇಂತು,
ಸುಂಕಮ್ಮ